ಮಿಕ್ಕ ಅಕ್ಕಿ

ನಮ್ಮ ಕಡೆ ನಲವತ್ತೈದು ದಾಟಿದ ಗೃಹಸ್ಥನೊಬ್ಬನು ಬಹುಕಾಲದ ಮೇಲೆ ನೆಂಟರ ಮನೆಯ ಮದುವೆಗೆ ಹೋದನೆಂದರೆ, ಅವನ ಮೈಯನ್ನು ಕುರಿತು ಎರಡರಲ್ಲೊಂದು ಮಾತು ಬಂದೇ ಬರುತ್ತದೆ. ತುಂಬಿಕೊಂಡಿದ್ದರೆ, ‘ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯಪ್ಪ’ ಎಂದು ಹಿರಿಯರು ಸಂತೋಷಪಡುತ್ತಾರೆ; ಇಳಿದಿದ್ದರೆ, ‘ಯಾಕಪ್ಪ, ಸೊರಗಿಬಿಟ್ಟಿದ್ದೀಯಲ್ಲ, ಸಕ್ಕರೆ ಕಾಯಿಲೆ ಏನಾದರೂ?’ ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ. ಬರಗಾಲವನ್ನು ಮತ್ತೆ ಮತ್ತೆ ಕಂಡುಂಡ ಸೀಮೆಯಲ್ಲಿ ತುಂಬಿದ ಮೈ ಐಶ್ವರ್ಯದ ಚಿಹ್ನೆಯೂ ಬಡಕಲು ಮೈ ದೈನ್ಯದ ಚಿಹ್ನೆಯೂ ಆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಚಿಹ್ನೆಗಳು ಹುಟ್ಟಿದ ಕಾಲ ಕಳೆದುಹೋದ ಮೇಲೂ ಅವುಗಳ ಅಧಿಕಾರ ಮಾತ್ರ ಉಳಿದುಕೊಂಡಿರುವುದುಂಟು.

ಹೀಗೆ ತುಂಬಿಕೊಂಡ ಗೃಹಸ್ಥನು ವೈದ್ಯರ ಮಾತಿನಿಂದಲೋ ತನ್ನ ಮೊಣಕಾಲುಗಳ ನೋವಿನಿಂದಲೋ ಎಚ್ಚೆತ್ತು ಒಂದು ದಿನ ಮೈ ಇಳಿಸಬೇಕೆಂದು ನಿಶ್ಚಯಿಸಿದನೆನ್ನಿ. ಆಗ ಅವನ ಸಂಸ್ಕಾರದೊಳಗಿನಿಂದಲೇ ಒಂದು ಪ್ರಶ್ನೆ ಏಳುತ್ತದೆ. ನಶ್ವರವೆಂದು ಪುರಾಣಪ್ರವಚನಗಳಲ್ಲಿ ಬಾಲ್ಯದಿಂದ ಕೇಳಿಕೊಂಡು ಬಂದ ಈ ದೇಹಕ್ಕೆ, ಮಕ್ಕಳ ಮದುವೆಯ ಚಿಂತೆಯೂ ಪರದ ಚಿಂತೆಯೂ ಜೊತೆಯಾಗಿ ಬರಬೇಕಾದ ಈ ವಯಸ್ಸಿನಲ್ಲಿ, ಇಷ್ಟೊಂದು ಉಪಚಾರವೇ? ಟೇಪು ಹಿಡಿದು ಸೊಂಟವನ್ನು ಅಳೆದುಕೊಳ್ಳುವುದು ದೇಹಾಭಿಮಾನವಲ್ಲದೆ ಮತ್ತೇನು? ಮನುಸ್ಮೃತಿಯು, ತನ್ನ ಚರ್ಮದಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮೊಮ್ಮಗುವನ್ನೂ ಕಂಡ ಗೃಹಸ್ಥನು ಕಾಡಿಗೆ ಹೊರಡತಕ್ಕದ್ದೆಂದು ವಿಧಿಸಿತು, ವ್ಯಾಯಾಮಶಾಲೆಗೆ ಹೊರಡತಕ್ಕದ್ದೆಂದಲ್ಲ. 

ಈ ಆಕ್ಷೇಪವನ್ನು ನಗೆಯಾಡಿ ತಳ್ಳಿಬಿಡುವಂತಿಲ್ಲ. ನಮ್ಮ ನ್ಯಾಮತಿ ತಾಲೂಕಿನ ಗಡಿ ದಾಟಿದರೆ ಸಿಕ್ಕುವ ಶಿಕಾರಿಪುರ ಸೀಮೆಯ ಬಳ್ಳಿಗಾವಿಯೊಂದಿಗೆ ಹೆಸರು ಬೆಸೆದುಕೊಂಡಿರುವ ಅಲ್ಲಮಪ್ರಭುವಿನ ಕಥೆಯಲ್ಲಿಯೇ ಅದಕ್ಕೆ ಬಲವಾದ ಆಧಾರವಿದೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನೆಂಬ ಸಿದ್ಧನು ಸಾಧನೆಯಿಂದ ವಜ್ರಕಾಯನಾಗಿ, ಕತ್ತಿಯಿಂದ ತನ್ನನ್ನು ಹೊಡೆದುನೋಡೆಂದು ಅಲ್ಲಮನನ್ನು ಆಹ್ವಾನಿಸುತ್ತಾನೆ. ಹೊಡೆದರೆ ಕತ್ತಿ ಖಣಿಲೆಂದಿತೇ ಹೊರತು ಮೈಗೆ ಏನೂ ಆಗಲಿಲ್ಲ. ತಿರುಗಿ ಗೋರಕ್ಷನು ಅಲ್ಲಮನ ಮೇಲೆ ಕತ್ತಿ ಬೀಸಿದಾಗ ಅದು ಬಯಲನ್ನು ಸೀಳಿದಂತೆ ಅತ್ತಣಿಂದಿತ್ತ ಹಾದುಹೋಯಿತು. ದೇಹವನ್ನು ಗಟ್ಟಿಮಾಡಿಕೊಂಡು ಅದನ್ನೇ ಸಿದ್ಧಿಯೆಂದು ತೋರಿಸಿಕೊಳ್ಳುವವನಿಗೆ ಇದಕ್ಕಿಂತ ಕಠಿಣವಾದ ಉತ್ತರ ನಮ್ಮ ಸಾಹಿತ್ಯದಲ್ಲಿ ನನಗೆ ಕಂಡುಬಂದಿಲ್ಲ. ಐವತ್ತರಲ್ಲಿ ಇಪ್ಪತ್ತೈದರ ತೋಳನ್ನು ಬಯಸಿ ಕನ್ನಡಿಯ ಮುಂದೆ ನಿಲ್ಲುವವನು ಗೋರಕ್ಷನ ಶಿಷ್ಯನೇ ಸರಿ, ಅವನಷ್ಟು ಸಾಧನೆಯಿಲ್ಲದ ಶಿಷ್ಯನು.

ಹಾಗೆಂದು ದೇಹವನ್ನು ಬಾಧಿಸುವುದೂ ಮಾರ್ಗವಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯವು ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲವೆನ್ನುತ್ತದೆ. ಹದಿನೇಳನೆಯದು, ದಂಭದಿಂದ ಶರೀರವನ್ನು ಕೃಶಗೊಳಿಸುವವರು ಒಳಗಿರುವ ಈಶ್ವರನನ್ನೇ ಕೃಶಗೊಳಿಸುವ ಆಸುರರೆಂದು ಹೇಳಿಬಿಡುತ್ತದೆ. ಮದುವೆಯ ಫೋಟೋಕ್ಕಾಗಿ ತಿಂಗಳೊಪ್ಪತ್ತು ಅನ್ನಬಿಟ್ಟು ಒಣಗುವವರನ್ನು ಈ ಪಟ್ಟಿಯಿಂದ ಬಿಡಿಸುವುದು ಕಷ್ಟ. ಅಭಿಮಾನ ಒಂದು ಕಡೆ, ಹಿಂಸೆ ಇನ್ನೊಂದು ಕಡೆ. ನಡುವೆ ಉಳಿಯುವ ದಾರಿ ಯಾವುದು? ಇದನ್ನು ಕೇವಲ ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲೂಕುಗಳ ನೆಲದ ಮೇಲೆ ಹುಡುಕಿದರೆ ಹೆಚ್ಚು ಸ್ಪಷ್ಟವಾಗುತ್ತದೆಂದು ನನ್ನ ಎಣಿಕೆ.

ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರೆಯ ನೀರು ನಾಲೆಯಾಗಿ ಹರಿದು ಬಂದ ಮೇಲೆ ಚನ್ನಗಿರಿ ಹೊನ್ನಾಳಿಗಳ ಎಷ್ಟೋ ಬಯಲು ಗದ್ದೆಯಾಯಿತು, ತೋಟವಾಯಿತು. ರಾಗಿ ಜೋಳಗಳಿದ್ದ ಕಡೆ ಅಡಿಕೆ ತಲೆಯೆತ್ತಿತು. ಅಡಿಕೆಯ ಜೊತೆಯಲ್ಲಿ, ಫಸಲನ್ನು ಗುತ್ತಿಗೆಗೆ ಕೊಡುವ ಖೇಣಿ ಬಂದಿತು. ಖೇಣಿದಾರನು ತನ್ನ ಆಳುಗಳನ್ನೂ ದೋಟಿಯನ್ನೂ ತಾನೇ ತರುತ್ತಾನೆ. ಗೊನೆ ಇಳಿಸುವುದು, ಸಾಗಿಸುವುದು, ಸುಲಿಸುವುದು, ಬೇಯಿಸಿ ಒಣಗಿಸುವುದು ಎಲ್ಲವೂ ಅವನ ಪಾಲು. ತೋಟದ ಯಜಮಾನನಿಗೆ ಉಳಿದದ್ದು, ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತೂಕದ ಚೀಟಿಯನ್ನು ಮೊಣಕಾಲಿನ ಮೇಲಿಟ್ಟು ಬರೆದುಕೊಳ್ಳುವ ಕೆಲಸ ಒಂದೇ. ತೂಕ ಮುಗಿಯುವ ಹೊತ್ತಿಗೆ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣ ಬರುತ್ತದೆ. ಅದನ್ನು ಮುಗಿಸಿ, ಅರ್ಧ ಮೈಲಿ ದೂರದ ಮನೆಗೆ ಬೈಕಿನಲ್ಲಿ ಹೊರಡುತ್ತಾನೆ. ಇವನ ತಂದೆ ಇದೇ ಹಾದಿಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದವನು.

ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವನ್ನು ಓದುವಾಗ ಈ ಕುರ್ಚಿಯು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಸ್ಥೌಲ್ಯಕ್ಕೆ ಕಾರಣಗಳನ್ನು ಹೇಳುವಾಗ ಅತಿಭೋಜನ, ಗುರುಮಧುರಸ್ನಿಗ್ಧವಾದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ ಇವುಗಳ ಜೊತೆಗೆ ಸದಾ ಹರ್ಷದಿಂದಿರುವುದನ್ನೂ ಚಿಂತನೆಯೇ ಇಲ್ಲದಿರುವುದನ್ನೂ ಚರಕನು ಎಣಿಸುತ್ತಾನೆ. ಹುಟ್ಟಿನಿಂದ ಬರುವ ಬೀಜಸ್ವಭಾವವನ್ನೂ ಮರೆತಿಲ್ಲ. ಆದುದರಿಂದ ಸ್ಥೂಲನಾದವನೆಲ್ಲ ಹೊಟ್ಟೆಬಾಕನೆಂದು ಹಳಿಯುವ ಹಕ್ಕನ್ನು ಅವನು ಯಾರಿಗೂ ಕೊಟ್ಟಿಲ್ಲ. ಅದೇ ಅಧ್ಯಾಯದಲ್ಲಿ ಸ್ಥೂಲನಿಗೆ ಪಥ್ಯವೆಂದು ಹೇಳಿರುವ ಧಾನ್ಯಗಳಾದರೂ ಯಾವುವು? ನವಣೆ, ಹಾರಕ, ಹೆಸರು, ಹುರುಳಿ. ಭದ್ರೆಯ ನಾಲೆ ಮುಟ್ಟದ ಜಗಳೂರಿನ ಕೆಂಪುಮಸಾರಿಯಲ್ಲಿ ಬೇರೆ ಗತಿಯಿಲ್ಲದೆ ಬೆಳೆದುಕೊಂಡು ಬಂದಂಥವೇ ಇವು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಆ ತಾಲೂಕಿನವರು ಕಾದು ಕುಳಿತು ವರ್ಷಗಳಾದವು. ಅಲ್ಲಿ ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಐವತ್ತರ ಹೆಂಗಸನ್ನು ನೋಡಬೇಕು: ಕುಕ್ಕರಗಾಲಿನಲ್ಲಿ ಕುಳಿತೇ ಸಾಲಿನುದ್ದಕ್ಕೂ ಸರಿಯುತ್ತ, ಎಡಗೈಯಿಂದ ಬಳ್ಳಿಯನ್ನು ಒತ್ತರಿಸಿ ಬಲಗೈಯಿಂದ ಬೇರನ್ನು ಕೀಳುತ್ತ, ಸಾಲು ಮುಗಿದಾಗ ಸೊಂಟಕ್ಕೆ ಕೈಯೂರಿ ಒಮ್ಮೆ ನೆಟ್ಟಗಾಗಿ, ಮತ್ತೆ ಮುಂದಿನ ಸಾಲಿಗೆ ಕುಳಿತುಬಿಡುತ್ತಾಳೆ. ಇವಳಿಗೆ ಮೈ ಇಳಿಸುವ ಉಪದೇಶ ಮಾಡುವವನಿಗೆ ನಾಚಿಕೆಯಾಗಬೇಕು. ಜಗಳೂರಿನ ಬಡತನವನ್ನು ಆರೋಗ್ಯವೆಂದು ಹೊಗಳುವವನಿಗೂ ಅಷ್ಟೇ ನಾಚಿಕೆಯಾಗಬೇಕು. ನವಣೆಯನ್ನು ಪಟ್ಟಣದ ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೊಳ್ಳುವವರು ಅದನ್ನು ಬೆಳೆದವಳ ಬೆನ್ನುನೋವನ್ನು ಕೊಳ್ಳುವುದಿಲ್ಲ.

ವಯಸ್ಸಾದಂತೆ ಮೈ ತಾನಾಗಿ ಬೆಳೆಯುತ್ತದೆ, ಒಳಗಿನ ಅಗ್ನಿ ಮಂದವಾಗುತ್ತದೆ ಎಂಬುದು ನಮ್ಮೆಲ್ಲರ ಸಿದ್ಧ ಸಮಾಧಾನ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 6,000ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದ ಸಂಶೋಧನೆಯು ಈ ಸಮಾಧಾನವನ್ನು ಬಹುಮಟ್ಟಿಗೆ ಕಸಿದುಕೊಂಡಿದೆ: ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಆ ವ್ಯಯ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದಂತೆ. ಅದಕ್ಕೂ ಬಹಳ ಹಿಂದೆ, 1953ರಲ್ಲಿ, ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ, ದಿನವೆಲ್ಲ ಕುಳಿತಿರುವ ಡ್ರೈವರನಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರನಿಗೆ ಹೃದ್ರೋಗ ಕಡಮೆಯೆಂದು ತೋರಿಸಿಕೊಟ್ಟರು. ಬಸ್ಸು ಒಂದೇ, ಊರು ಒಂದೇ, ಭೇದವಿದ್ದದ್ದು ಆಸನದಲ್ಲಿ. ಹಾಗಾದರೆ ನಡುವಯಸ್ಸಿನಲ್ಲಿ ನಮಗೆ ನಿಜವಾಗಿ ಆಗುವುದೇನು? ಕೈಗೆ ಸ್ವಲ್ಪ ಹಣ ಬರುತ್ತದೆ, ಮಾತಿಗೆ ಸ್ವಲ್ಪ ಅಧಿಕಾರ ಬರುತ್ತದೆ, ನಮ್ಮ ಕೆಲಸಗಳು ಒಂದೊಂದಾಗಿ ಇತರರ ಕೈಗೂ ಯಂತ್ರಗಳ ಕೈಗೂ ಸರಿದುಹೋಗುತ್ತವೆ. ಊಟ ಮಾತ್ರ ಯಾರ ಕೈಗೂ ಸರಿಯುವುದಿಲ್ಲ. ಮಾಡದೆ ಬಿಟ್ಟ ಕೆಲಸ ಸೊಂಟದ ಸುತ್ತ ಶೇಖರವಾಗುತ್ತದೆ.

ಇಲ್ಲಿಗೆ ಬಂದರೆ ಪ್ರಶ್ನೆಯ ಮುಖವೇ ಬೇರೆಯಾಗುತ್ತದೆ. ದೇಹ ನಶ್ವರವೋ ಅಲ್ಲವೋ ಎಂಬ ವಿಚಾರ ಹಿಂದೆ ಸರಿದು, ನನಗೆ ಬೇಕಾದುದಕ್ಕಿಂತ ಹೆಚ್ಚನ್ನು ನಾನು ತೆಗೆದುಕೊಂಡೆನೇ, ನಾನು ಮಾಡಬೇಕಾದುದನ್ನು ಮತ್ತೊಬ್ಬರ ಮೇಲೆ ಹೊರಿಸಿದೆನೇ ಎಂಬ ವಿಚಾರ ಮುಂದೆ ಬರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇದನ್ನು ಇತ್ಯರ್ಥಗೊಳಿಸಿದವಳು ಒಬ್ಬ ಬಡ ಗೃಹಿಣಿ. ಆಯ್ದಕ್ಕಿ ಮಾರಯ್ಯನ ಕಾಯಕವೆಂದರೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಕ್ಕೆ ಕಳುಹಿಸಿದಳು. ಅದೇ ಲಕ್ಕಮ್ಮ, ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕವನ್ನೇ ಮರೆತ ಗಂಡನನ್ನು ಎಬ್ಬಿಸಿ ಕೆಲಸಕ್ಕೆ ಕಳುಹಿಸಿದವಳೂ ಹೌದು. ಎರಡನ್ನೂ ಸೇರಿಸಿ ನೋಡಬೇಕು: ಕಾಯಕ ತಪ್ಪಕೂಡದು, ಮಿಕ್ಕದ್ದು ಮನೆಗೆ ಬರಕೂಡದು. ಮೈ ಇಳಿಸುವ ಶಾಸ್ತ್ರವೆಲ್ಲ ಈ ಎರಡು ಆಜ್ಞೆಗಳಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಹೀಗೆ ನೋಡಿದಾಗ ಅದು ದೇಹಾಭಿಮಾನದ ಮಾತಾಗಿ ಉಳಿಯುವುದಿಲ್ಲ. ಅಪರಿಗ್ರಹವೆಂದು ನಾವು ಸಂನ್ಯಾಸಿಗಳಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದ ವ್ರತವೊಂದು ಗೃಹಸ್ಥನ ಶರೀರದಲ್ಲಿಯೇ ನಡೆಯುತ್ತದೆ. ಜೈನರು ಹೊಟ್ಟೆ ತುಂಬುವ ಮುನ್ನ ಕೈತೊಳೆಯುವುದನ್ನು ಅವಮೌದರ್ಯವೆಂದು ಕರೆದು, ಬಾಹ್ಯತಪಸ್ಸುಗಳ ಸಾಲಿನಲ್ಲಿ ಉಪವಾಸದ ಪಕ್ಕದಲ್ಲಿಯೇ ಇರಿಸಿದ್ದರ ಮರ್ಮವೂ ಇದೇ ಇರಬೇಕು. ಏಕಾದಶಿಯ ಫಲಾಹಾರಕ್ಕೆ ಎರಡು ಬಗೆಯ ಉಪ್ಪಿಟ್ಟು ಮಾಡುವ ನಮಗೆ ಇದು ಉಪವಾಸಕ್ಕಿಂತ ಕಷ್ಟವಾಗಿ ತೋರಿದರೆ ಆಶ್ಚರ್ಯವಿಲ್ಲ.

ಒಡನೆಯೇ ಒಂದು ಅಡ್ಡಿಯನ್ನು ಎತ್ತಬಹುದು. ಯಜಮಾನನೇ ಗೊನೆ ಇಳಿಸಲು ನಿಂತರೆ ಆಳಿನ ಕೂಲಿ ಏನಾಗಬೇಕು? ಒಪ್ಪತಕ್ಕ ಮಾತು. ಕೂಲಿಯವನ ಅನ್ನವನ್ನು ಕಸಿದು ನಡೆಸುವ ವ್ಯಾಯಾಮ ಅಧರ್ಮವೇ. ಆದರೆ ಅರ್ಧ ಮೈಲಿ ನಡೆಯುವುದಕ್ಕೂ, ಹಿತ್ತಲಿಗೆ ನೀರು ಹೊರುವುದಕ್ಕೂ, ಉಂಡ ತಟ್ಟೆಯನ್ನು ತಾನೇ ತೊಳೆಯುವುದಕ್ಕೂ ಯಾವ ಆಳಿನ ಕೂಲಿಯೂ ಕಡಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ಕನಿಷ್ಠ 150 ನಿಮಿಷಗಳ ಹದವಾದ ಶ್ರಮವನ್ನೂ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವನ್ನೂ ಕೇಳುತ್ತದೆ. ಅಷ್ಟು ಕೆಲಸ ಯಾವ ಮನೆಯಲ್ಲಿಲ್ಲ? ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆಯ ಮೇಲೆ ಬೆಳಗಿನ ಹೊತ್ತು ಕೈಬೀಸಿ ನಡೆಯುವುದು ಒಳ್ಳೆಯದೇ. ಹಿಂದಿರುಗಿ ಬರುವಾಗ ಸಂತೆಯ ಚೀಲವನ್ನು ಹೊತ್ತು ತಂದರೆ ಇನ್ನೂ ಒಳ್ಳೆಯದು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಬಲವುಳ್ಳವನು ಕೂಡ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದಿದ್ದಾನೆ. ಹೊಸ ಉತ್ಸಾಹದಲ್ಲಿ ಮೊದಲ ದಿನವೇ ಓಡಲು ಹೋಗಿ ಹಿಮ್ಮಡಿ ನೋಯಿಸಿಕೊಳ್ಳುವ ಐವತ್ತರ ವೀರರು ಇದನ್ನು ನೆನಪಿಡಬೇಕು.

ನಡಿಗೆಯ ವಿಷಯ ಬಂದದ್ದರಿಂದ ಸೂರಗೊಂಡನಕೊಪ್ಪವನ್ನು ಹೇಳದೆ ಬಿಡಲಾಗದು. ನ್ಯಾಮತಿ ತಾಲೂಕಿನ ಈ ಕ್ಷೇತ್ರವು 1739ರಲ್ಲಿ ಜನಿಸಿದರೆಂದು ಹೇಳಲಾಗುವ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದ ಬಂಜಾರ ಜನರ ಮಕ್ಕಳು, ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿ, ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಅಲ್ಲಿಗೆ ಬರುತ್ತಾರೆ. ಹೀಗೆ ಬರುವವರಲ್ಲಿ ನಲವತ್ತು ಐವತ್ತರ ಗಂಡಸರೂ ಹೆಂಗಸರೂ ಇದ್ದಾರೆ. ತೂಕ ಇಳಿಯಲೆಂದು ಅವರು ನಡೆಯುವುದಿಲ್ಲ. ಮೈಯ ಕಡೆ ಮನಸ್ಸನ್ನೇ ಕೊಡದೆ ಮೈಯಿಂದ ದುಡಿಸಿಕೊಳ್ಳುವ ಈ ಉಪಾಯವನ್ನು ಭಕ್ತಿಯು ಬಹುಕಾಲದ ಹಿಂದೆಯೇ ಕಂಡುಕೊಂಡಿತು.

ಊಟದ ವಿಷಯದಲ್ಲಿ ಅಂಥ ಉಪಾಯವನ್ನು ಹೇಳಿಕೊಟ್ಟವನು ಬುದ್ಧ. ಕೋಸಲದ ದೊರೆ ಪ್ರಸೇನಜಿತ್ತು ಒಂದು ದ್ರೋಣ ಅಕ್ಕಿಯ ಅನ್ನವನ್ನು ಉಂಡು ಏದುಸಿರು ಬಿಡುತ್ತ ಬಂದು ಎದುರಿಗೆ ಕುಳಿತನೆಂದು ಸಂಯುತ್ತನಿಕಾಯದಲ್ಲಿದೆ. ಬುದ್ಧನು ಅವನನ್ನು ಜರೆಯಲಿಲ್ಲ, ಉಪವಾಸವನ್ನೂ ವಿಧಿಸಲಿಲ್ಲ. ಎಚ್ಚರದಿಂದ ಅಳತೆಯರಿತು ಉಣ್ಣುವವನ ಸುಖವನ್ನು ಹೇಳುವ ಒಂದು ಪದ್ಯವನ್ನಷ್ಟೇ ಹೇಳಿದನು. ದೊರೆಯು ಸುದರ್ಶನನೆಂಬ ತರುಣನಿಗೆ ಅದನ್ನು ಕಲಿಸಿ, ದಿನಕ್ಕೆ ನೂರು ಕಹಾಪಣ ಸಂಬಳವಿತ್ತು, ತನ್ನ ಊಟದ ಹೊತ್ತಿಗೆ ಪಠಿಸುವಂತೆ ನೇಮಿಸಿದನು. ಕ್ರಮಕ್ರಮವಾಗಿ ಒಂದು ನಾಳಿಕೆ ಅಕ್ಕಿಯೇ ಸಾಕೆನ್ನುವಷ್ಟಕ್ಕೆ ಇಳಿದ ದೊರೆ, ಹಗುರಾದ ತನ್ನ ಮೈಯನ್ನು ಕೈಯಿಂದ ಸವರಿಕೊಳ್ಳುತ್ತ, ಇಹದಲ್ಲಿಯೂ ಪರದಲ್ಲಿಯೂ ಭಗವಂತನು ನನ್ನ ಹಿತವನ್ನು ಕಂಡನೆಂದು ಉದ್ಗಾರವೆತ್ತಿದನಂತೆ. ಆ ಸವರಿಕೊಳ್ಳುವಿಕೆಯಲ್ಲಿ ಎಳ್ಳಷ್ಟು ಅಭಿಮಾನವೂ ಇದ್ದಿರಬಹುದು. ಅಷ್ಟನ್ನು ಬುದ್ಧನೇ ಕ್ಷಮಿಸಿದ ಮೇಲೆ ನಾವು ಆಕ್ಷೇಪಿಸುವುದು ಬೇಡ.

ನಮ್ಮ ಮನೆಗಳಲ್ಲಿ ಪದ್ಯ ಪಠಿಸುವ ಸುದರ್ಶನರಿಲ್ಲ. ಬಡಿಸುವ ತಾಯಿಯಿದ್ದಾಳೆ, ಅವಳು ‘ಇನ್ನೊಂದು ತುತ್ತು’ ಎನ್ನುವವಳು. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಅನ್ನವನ್ನು ಅವಳು ನೋಡುತ್ತಾಳೆ. ಅನ್ನವನ್ನು ನಿಂದಿಸಬಾರದು, ತಳ್ಳಬಾರದು ಎಂಬ ತೈತ್ತಿರೀಯೋಪನಿಷತ್ತಿನ ವ್ರತವು ಅವಳ ಕಿವಿಗೆ ಬಿದ್ದಿಲ್ಲದಿದ್ದರೂ ರಕ್ತದಲ್ಲಿದೆ. ಚೆಲ್ಲಲಾರಳು; ಹೊತ್ತು ಮೀರಿದೆ, ಬೇಡುವವರೂ ಇಲ್ಲ; ಹಸಿವಿರಲಿ ಇಲ್ಲದಿರಲಿ ತಾನೇ ಉಣ್ಣುತ್ತಾಳೆ. ನಡುವಯಸ್ಸಿನ ನಮ್ಮ ಹೆಂಗಸರಲ್ಲಿ ಹಲವರ ಸ್ಥೌಲ್ಯದ ಹಿಂದೆ ಜಿಹ್ವಾಚಾಪಲ್ಯಕ್ಕಿಂತ ಈ ಧರ್ಮಭೀರುತ್ವವೇ ಹೆಚ್ಚೆಂದು ನಾನು ನಂಬಿದ್ದೇನೆ. ಅವಳಿಗೆ ಮಿತಾಹಾರವನ್ನು ಬೋಧಿಸುವುದರಿಂದ ಪ್ರಯೋಜನವಿಲ್ಲ. ಅನ್ನ ಬೆಂದ ಮೇಲೆ ಲಕ್ಕಮ್ಮನೂ ಅದನ್ನು ಹಿಂದಕ್ಕೆ ಕಳುಹಿಸಲಾರಳು. ಅಕ್ಕಿ ಅಕ್ಕಿಯಾಗಿರುವಾಗಲೇ ಅಳತೆ ನಡೆಯಬೇಕು.

ಆದುದರಿಂದ ಮನೆಯ ಗಂಡಸರಲ್ಲಿಯೂ ಬೆಳೆದ ಮಕ್ಕಳಲ್ಲಿಯೂ ನನ್ನ ಬಿನ್ನಹವಿಷ್ಟೆ: ರಾತ್ರಿಯೂಟಕ್ಕೆ ಯಾರು ಬರುವರು, ಯಾರು ಬರುವುದಿಲ್ಲ, ಯಾರು ಹೊರಗೆ ಬೆಣ್ಣೆದೋಸೆ ತಿಂದು ಬರುವರು ಎಂಬುದನ್ನು ಒಲೆ ಹಚ್ಚುವ ಮುನ್ನವೇ ಅಡಿಗೆ ಮಾಡುವವಳಿಗೆ ತಿಳಿಸಿರಿ, ಮತ್ತು ಅವಳನ್ನೂ ನಿಮ್ಮ ಪಂಕ್ತಿಯಲ್ಲಿಯೇ, ನಿಮ್ಮ ಜೊತೆಯಲ್ಲಿಯೇ ಊಟಕ್ಕೆ ಕೂರಿಸಿರಿ.