ಮನೆಯೊಳಗಿನ ಜಗಳ, ಹೊರಗಿನ ಪಂಚರು

ದೊಡ್ಡ ರಾಷ್ಟ್ರಗಳು ಸಭೆ ಸೇರಿ ಸಣ್ಣವರ ಹಣೆಬರಹ ಬರೆದವು ಎಂಬ ದೂರು ಹಳೆಯದು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್ವೆಲ್ಟ್, ಚರ್ಚಿಲ್, ಸ್ಟಾಲಿನ್ ಮೂವರೇ ಕೂತು ವೀಟೊದ ಕಟ್ಟಳೆ ಗೊತ್ತುಮಾಡಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 50 ದೇಶಗಳು ಸೇರಿ ಎಷ್ಟೇ ವಾದಿಸಿದರೂ ಅದು ಅಲುಗಲಿಲ್ಲ. ಆದರೆ ವಿಶ್ವಸಂಸ್ಥೆಯ ಸನ್ನದಿನಲ್ಲಿ ಇನ್ನೊಂದು ಕಲಮೂ ಇದೆ: ದೇಶವೊಂದರ ಆಂತರಿಕ ವಿಷಯದಲ್ಲಿ ಸಂಸ್ಥೆ ಕೈಹಾಕುವಂತಿಲ್ಲ. ವೀಟೊ ಐದು ದೊಡ್ಡ ರಾಷ್ಟ್ರಗಳ ಸೊತ್ತು. ಈ ಕಲಮು ಎಲ್ಲ ಸರ್ಕಾರಗಳಿಗೂ ಸೇರಿದ್ದು. ನನ್ನ ತಕರಾರು ಇರುವುದು ಇದರ ಬಗ್ಗೆ.

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಸುತ್ತಿನವರಿಗೆ ಇದು ದೂರದ ಮಾತಲ್ಲ. 1948ರಲ್ಲಿ ಮುಂಡರಗಿಯಿಂದ ಮೂಡಣಕ್ಕೆ ಹೊರಟರೆ ಕೊಪ್ಪಳದ ಕಡೆ ಹೈದರಾಬಾದಿನ ನಿಜಾಮನ ಸೀಮೆ. ಈಚೆ ಕಲ್ದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ, ನಡುವೆ ಕರೋಡಗಿರಿ ನಾಕೆ. ನಿಜಾಮನ ಪರದ ರಜಾಕಾರ ಪಡೆಯ ಹಾವಳಿಯ ಆ ದಿನಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ನಿಜಾಮನ ವಿರುದ್ಧದ ಹೋರಾಟಗಾರರು ಮುಂಡರಗಿಯಲ್ಲೇ ಶಿಬಿರ ಹೂಡಿದ್ದರು. ಊರು ಬಿಟ್ಟು ಗಡಿ ದಾಟಿದವರ ಪಾಡು ಯಾರ ಆಂತರಿಕ ವಿಷಯ?

ಆ ವರ್ಷ ಆಗಸ್ಟ್‌ನಲ್ಲಿ ಹೈದರಾಬಾದು ಭಾರತದ ಮೇಲೆ ಭದ್ರತಾ ಮಂಡಳಿಗೆ ದೂರು ಒಯ್ದಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳನುಗ್ಗಿತು. 16ರಂದು ಪ್ಯಾರಿಸ್ಸಿನಲ್ಲಿ ಕೂಡಿದ ಮಂಡಳಿ, 8 ಮತಗಳಿಂದ ದೂರನ್ನು ಕಾರ್ಯಸೂಚಿಗೆ ಸೇರಿಸಿಕೊಂಡಿತು. ವಿರೋಧಿಸಿದವರಿಲ್ಲ, 3 ದೇಶಗಳು ತಟಸ್ಥ. ಭಾರತದ ಪರ ನಿಂತವರು ಆಗಿನ ಮೈಸೂರು ದಿವಾನ ಎ. ರಾಮಸ್ವಾಮಿ ಮುದಲಿಯಾರ್. ಮೂರು ವರ್ಷದ ಹಿಂದೆ, ಬ್ರಿಟಿಷರ ಕೈಕೆಳಗಿದ್ದ ಭಾರತದ ಪರವಾಗಿ ಅದೇ ಸನ್ನದಿಗೆ ರುಜು ಹಾಕಿದವರಲ್ಲಿ ಅವರೂ ಒಬ್ಬರು. ಹೈದರಾಬಾದು ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ಇಲ್ಲಿ ದೂರು ಕೊಡುವ ಹಕ್ಕು ಅದಕ್ಕಿಲ್ಲ ಎಂಬುದು ಅವರ ವಾದದ ತಿರುಳು. ಅಂದರೆ ಇದು ಭಾರತದ ಆಂತರಿಕ ವಿಷಯ. ಮರುದಿನ ನಿಜಾಮ ಶರಣಾದ. 22ಕ್ಕೆ ದೂರು ಹಿಂತೆಗೆದುಕೊಂಡ.

ಫಲ ನಮಗೆ ಬೇಕಾದದ್ದೇ. ಆದರೆ 1946ರಲ್ಲಿ, ದಕ್ಷಿಣ ಆಫ್ರಿಕಾದ ಭಾರತೀಯರ ಪರವಾಗಿ ನಾವು ದೂರು ಕೊಟ್ಟಾಗ, ‘ಇದು ನಮ್ಮ ಆಂತರಿಕ ವಿಷಯ’ ಎಂದು ಆ ಸರ್ಕಾರ ಇದೇ ಕಲಮು ಹಿಡಿದಿತ್ತು. ಆಗ ನಾವು ಒಪ್ಪಲಿಲ್ಲ. ಹಾಗಾದರೆ ನಮ್ಮದು ಎರಡು ನಾಲಿಗೆಯೇ?

ಅಷ್ಟು ಸುಲಭವಾಗಿ ಹೇಳಲಾಗದು. ಈ ಕಲಮನ್ನು ಕಿತ್ತುಹಾಕಿದರೆ ನ್ಯಾಯದ ನೆಪದಲ್ಲಿ ಬಲಿಷ್ಠರು ಬಡದೇಶಗಳೊಳಗೆ ನುಗ್ಗುತ್ತಾರೆ. ಬಲಿಷ್ಠರನ್ನು ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಆದರೂ ಹೆಂಡತಿಯನ್ನು ಬಡಿಯುವವನು ಕೇಳಬಂದ ಹಿರಿಯರಿಗೆ ‘ನಮ್ಮ ಮನಿ ಜಗಳ, ನೀವ್ಯಾರ ಕೇಳಾಕ?’ ಎಂದರೆ ಊರು ಸುಮ್ಮನಿರಬೇಕೆ? ಪೆಟ್ಟು ತಿಂದವಳೇ, ಯಾರ ಹೆದರಿಕೆಯೂ ಇಲ್ಲದೆ, ‘ನಾವ ನೋಡಿಕೊಳ್ತೀವಿ’ ಎಂದರೆ ಅದರ ತೂಕವೇ ಬೇರೆ. ಒಳಗಿನವರು ಬಾಯಿಬಿಡಲು ಆಗುವ ಕಡೆ ಮಾತ್ರ ‘ಆಂತರಿಕ’ ಎಂಬ ವಾದಕ್ಕೆ ಬೆಲೆ. ಉಳಿದ ಕಡೆ ಅದು ಬಲವಿದ್ದವನ ನೆಪ.

ಈ ಒರೆಗೆ ನಮ್ಮನ್ನೂ ಹಚ್ಚಬೇಕು. 1952ರ ಚುನಾವಣೆಯಲ್ಲಿ ಹೈದರಾಬಾದಿನ ಜನ ಮತ ಹಾಕಿದರು. ಶಿವಮೂರ್ತಿಸ್ವಾಮಿಗಳು ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ನಿಜಾಮನಿಗೆ ಇಲ್ಲದ ಹಕ್ಕನ್ನು ದಿಲ್ಲಿಗೆ ತಂದುಕೊಟ್ಟದ್ದು ಈ ಮತಗಳು, ಪ್ಯಾರಿಸ್ಸಿನ ವಾದವಲ್ಲ. ಆದರೆ ಸೇನಾ ಕಾರ್ಯಾಚರಣೆಯ ಬೆನ್ನಲ್ಲೇ ಕಲಬುರ್ಗಿ, ಬೀದರ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ.

ಪ್ಯಾರಿಸ್ಸಿನವರು ನಮ್ಮ ತೀರ್ಪು ಬರೆಯಲಿಲ್ಲವೆಂಬ ಬೇಸರ ನನಗಿಲ್ಲ. ಹೊರಗಿನವರಿಗೆ ಲೆಕ್ಕ ಒಪ್ಪಿಸಲು ಒಲ್ಲೆ ಎನ್ನುವ ಸರ್ಕಾರ ಅದೇ ಲೆಕ್ಕವನ್ನು ಒಳಗಿನವರಿಗೆ ಒಪ್ಪಿಸಬೇಕು. 1952ರಲ್ಲಿ ಸ್ವಲ್ಪ ಒಪ್ಪಿಸಿದೆವು. ಕಲಬುರ್ಗಿ, ಬೀದರದ ಆ ಕುಟುಂಬಗಳಿಗೆ ಒಪ್ಪಿಸಲಿಲ್ಲ.