ಮತವೂ ದಾಕ್ಷಿಣ್ಯವೂ

ಕಾಸರಗೋಡು ಜಿಲ್ಲೆಯಲ್ಲಿ 3 ನಗರಸಭೆಗಳೂ 38 ಗ್ರಾಮ ಪಂಚಾಯತುಗಳೂ ಇವೆ. 2020ನೆಯ ಡಿಸೆಂಬರ 14ರಂದು ಒಮ್ಮೆ, 2025ನೆಯ ಡಿಸೆಂಬರ 11ರಂದು ಮತ್ತೊಮ್ಮೆ ಇವುಗಳಿಗೆ ಚುನಾವಣೆ ನಡೆಯಿತು. ಪೇಟೆಯ ಮತದಾರನು ನಗರಸಭೆಗೆಂದು ಒಂದೇ ಮತವನ್ನಿತ್ತು ಮನೆಗೆ ಮರಳಿದನು. ಹಳ್ಳಿಯ ಮತದಾರನಾದರೋ ಗ್ರಾಮ ಪಂಚಾಯತಿಗೊಂದು, ಬ್ಲಾಕ್ ಪಂಚಾಯತಿಗೊಂದು, ಜಿಲ್ಲಾ ಪಂಚಾಯತಿಗೊಂದು, ಹೀಗೆ ಮೂರು ಮತಗಳನ್ನಿತ್ತನು. ಈ ಮೂರರಲ್ಲಿ ಕೊಡುವುದಕ್ಕೆ ಅತ್ಯಂತ ಕಠಿನವಾದುದು ಯಾವುದೆಂದು ನಮ್ಮನ್ನು ಯಾರಾದರೂ ಕೇಳಿದರೆ, ಗ್ರಾಮ ಪಂಚಾಯತಿನದೆಂದೇ ನಾವು ಹೇಳುವೆವು. ಮೇಲುನೋಟಕ್ಕೆ ಇದು ವಿಪರೀತವಾಗಿ ಕಂಡೀತು. ಕಣ್ಣಿಗೆ ಕಾಣದ ದೂರದವನನ್ನು ಆರಿಸುವುದು ಕಷ್ಟ, ಪ್ರತಿದಿನವೂ ಕಾಣುವವನನ್ನು ಆರಿಸುವುದು ಸುಲಭ ಎಂದಲ್ಲವೇ ಸಾಮಾನ್ಯವಾದ ಎಣಿಕೆ? ಆ ಎಣಿಕೆ ಎಲ್ಲಿ ತಪ್ಪುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಲೋಕಸಭೆಗೆ ನಿಂತವನನ್ನು ನಾವು ಭಿತ್ತಿಪತ್ರದಲ್ಲಿ ಮಾತ್ರ ಕಂಡಿರುತ್ತೇವೆ. ಅವನಿಗೆ ಮತ ಕೊಡದಿದ್ದರೆ ನಮ್ಮ ಅಂಗಳದಲ್ಲಿ ಯಾರೂ ಮುಖ ತಿರುಗಿಸಿ ನಡೆಯುವುದಿಲ್ಲ. ವಾರ್ಡಿನ ಚುನಾವಣೆ ಹಾಗಲ್ಲ. ಇಲ್ಲಿ ನಿಂತವನು ನಮ್ಮ ತೋಟದ ಬೇಲಿಯಾಚೆಯವನು. ನಡುರಾತ್ರಿಯಲ್ಲಿ ತಾಯಿಗೆ ಎದೆನೋವು ಬಂದಾಗ ಜೀಪು ತಂದವನು ಅವನು. ಮದುವೆಯ ಚಪ್ಪರಕ್ಕೆ ಅಡಿಕೆಮರ ಕೊಟ್ಟವನು, ಅಂಗಡಿಯ ಸಾಲಕ್ಕೆ ಅವಸರಿಸದವನು, ಅಥವಾ ಸೋದರಮಾವನ ಮಗನೇ ಆಗಿರಬಹುದು. ಅಂಥವನು ಕೈಮುಗಿದು ಜಗಲಿಗೆ ಬಂದು ಕುಳಿತಾಗ ನಮ್ಮ ಬಾಯಿಂದ ‘ನೋಡೋಣ’ ಎಂಬ ಮಾತು ಹೊರಡುವುದೂ ಕಷ್ಟ. ‘ಆಯಿತು’ ಎಂದೇ ಹೊರಡುತ್ತದೆ. ಈ ‘ಆಯಿತು’ ಎಂಬ ಮಾತಿನ ಹಿಂದಿರುವ ವಸ್ತುವನ್ನೇ ನಮ್ಮವರು ದಾಕ್ಷಿಣ್ಯವೆಂದು ಕರೆದಿದ್ದಾರೆ.

ದಾಕ್ಷಿಣ್ಯವನ್ನು ನಾವು ಹಳಿಯಹೊರಟವರಲ್ಲ. ಅದು ಗುಣವೇ ಹೊರತು ದೋಷವಲ್ಲ. ಊರಿನಲ್ಲಿ ಹತ್ತು ಮನೆಗಳು ಒಟ್ಟಿಗೆ ಬಾಳುವುದು ಕಾಯಿದೆಯ ಬಲದಿಂದಲ್ಲ. ಒಬ್ಬರ ಮೋರೆಯನ್ನು ಇನ್ನೊಬ್ಬರು ನೋಡುವ ಈ ಸಂಕೋಚದಿಂದಲೇ. ಬೇಸಗೆಯಲ್ಲಿ ತೋಡಿಗೆ ಕಟ್ಟ ಹಾಕುವಾಗ ಮೇಲಿನ ತೋಟದವನು ಕೆಳಗಿನವನಿಗೆ ನೀರು ಬಿಡುವುದೂ, ಸಾವಿನ ಮನೆಗೆ ಕರೆಯದೆಯೇ ಜನ ಕೂಡುವುದೂ ಇದರಿಂದಲೇ. ಉಪಕಾರವನ್ನು ಮರೆತವನು ಒಳ್ಳೆಯ ಪೌರನಾಗುವನೆಂದು ನಂಬುವುದು ಕಷ್ಟ. ಹೀಗಿರುವಲ್ಲಿ, ಉಪಕಾರ ಮಾಡಿದವನಿಗೆ ಮತದ ಮೂಲಕ ಪ್ರತ್ಯುಪಕಾರ ಮಾಡಿದರೆ ತಪ್ಪೇನು ಎಂಬುದೇ ನಮ್ಮ ಪ್ರಶ್ನೆ.

ಅಧ್ಯಾಪಕರಾದ ವಾಚಕರಿಗೆ ಇದರ ಉತ್ತರ ಅವರ ವೃತ್ತಿಯಲ್ಲಿಯೇ ದೊರೆಯುವುದು. ಜೀಪು ತಂದ ಆ ನೆರೆಯವನ ಮಗನೇ ನಮ್ಮ ತರಗತಿಯಲ್ಲಿದ್ದಾನೆಂದು ತಿಳಿಯಿರಿ. ಅವನ ಉತ್ತರಪತ್ರಿಕೆ ನಮ್ಮ ಮುಂದಿದೆ. ತಂದೆಯ ಉಪಕಾರವನ್ನು ನೆನೆದು ಮಗನಿಗೆ ಐದು ಅಂಕಗಳನ್ನು ಹೆಚ್ಚು ಕೊಡಬಹುದೇ? ಕೂಡದೆಂದು ಯಾರೂ ಹೇಳುವರು. ಆ ಅಂಕಗಳು ನಮ್ಮ ಕೈಯಿಂದ ಹೊರಡುತ್ತವೆಯಾದರೂ ನಮ್ಮ ಸ್ವತ್ತಲ್ಲ. ಉಳಿದ ಮಕ್ಕಳ ಹಕ್ಕೂ ಅವುಗಳಲ್ಲಿ ಸೇರಿದೆ. ನೆರೆಯವನಿಗೆ ಕೃತಜ್ಞತೆಯನ್ನು ತೋರಿಸಲು ನಮ್ಮ ಹಣವಿದೆ, ಹೊತ್ತಿದೆ, ಮೈಬಲವಿದೆ. ನಮ್ಮದಲ್ಲದುದನ್ನು ಕೊಟ್ಟು ನಮ್ಮ ಋಣವನ್ನು ತೀರಿಸಿಕೊಳ್ಳುವುದು ಔದಾರ್ಯವೆನಿಸದು.

ಮತವೂ ಇಂಥದೇ. ನಾವು ಒತ್ತುವ ಒಂದು ಗುಂಡಿಯಿಂದ ಆರಿಸಿ ಬರುವವನು ಐದು ವರ್ಷಗಳ ಕಾಲ ನಮಗೊಬ್ಬರಿಗೇ ಅಲ್ಲ, ಇಡೀ ವಾರ್ಡಿಗೆ ಸದಸ್ಯನು. ಇನ್ನೂ ಮತದ ವಯಸ್ಸಾಗದ ಮಕ್ಕಳಿಗೂ, ಹಾಸಿಗೆ ಹಿಡಿದ ಮುದುಕಿಗೂ, ಕೂಲಿಗಾಗಿ ದೂರದಿಂದ ಬಂದು ಇಲ್ಲಿ ಪಟ್ಟಿಗೆ ಸೇರದೆ ಇರುವವನಿಗೂ ಅವನೇ ಸದಸ್ಯನು. ಕುಡಿಯುವ ನೀರು, ಬೀದಿದೀಪ, ಚರಂಡಿ, ಅಂಗನವಾಡಿ ಇವೆಲ್ಲ ಅವನು ಕುಳಿತ ಸಭೆಯಲ್ಲಿ ತೀರ್ಮಾನವಾಗುತ್ತವೆ. ಕೇರಳದಲ್ಲಿ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯತಿನದು, ಸರಕಾರಿ ಪ್ರೌಢಶಾಲೆಗಳದು ಜಿಲ್ಲಾ ಪಂಚಾಯತಿನದು. ಸೋರುವ ಮಾಡಿನ ಕೆಳಗೆ ಕುಳಿತ ಮಗುವು ನಮ್ಮ ದಾಕ್ಷಿಣ್ಯಕ್ಕೆ ತೆರುವ ಬೆಲೆಯನ್ನು ನಾವು ಎಣಿಸಿರುವುದಿಲ್ಲ. ಆದುದರಿಂದ ಮತವು ದಾನವಸ್ತುವಲ್ಲ; ಊರು ನಮ್ಮಲ್ಲಿ ನಂಬಿ ಇರಿಸಿದ ನಿಕ್ಷೇಪ.

ಮತವು ನಿಕ್ಷೇಪವೆಂಬ ಈ ಮಾತು ಹೊಸದಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ಲನು 1861ರಲ್ಲಿ ಪ್ರಾತಿನಿಧಿಕ ಸರಕಾರದ ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಪ್ರತಿಪಾದಿಸಿದನು. ಆದರೆ ಇದರಿಂದ ಅವನು ತೆಗೆದ ಸಿದ್ಧಾಂತವು ನಮ್ಮನ್ನು ಬೆರಗುಗೊಳಿಸುತ್ತದೆ. ಇತರರ ಪರವಾಗಿ ನಡೆಸುವ ಕೆಲಸವನ್ನು ಇತರರ ಕಣ್ಣ ಮುಂದೆಯೇ ನಡೆಸಬೇಕು. ಆದುದರಿಂದ ಮತದಾನವು ಬಹಿರಂಗವಾಗಿರಬೇಕೆಂಬುದು ಅವನ ವಾದ. ಗುಟ್ಟಾಗಿ ಕೊಟ್ಟ ಮತದಲ್ಲಿ ಸ್ವಾರ್ಥವೂ ಹಗೆಯೂ ಅಡಗಿ ಕುಳಿತಾವೆಂದು ಅವನು ಶಂಕಿಸಿದನು. ಕಾಲವು ಅವನ ಮಾತನ್ನು ಒಪ್ಪಲಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ, ದಕ್ಷಿಣ ಆಸ್ಟ್ರೇಲಿಯಗಳು 1856ರಲ್ಲಿಯೇ ಗುಪ್ತ ಮತದಾನವನ್ನು ತಂದಿದ್ದವು. ಬ್ರಿಟನ್ನು 1872ರಲ್ಲಿ ಅದೇ ದಾರಿಯನ್ನು ಹಿಡಿಯಿತು. ನಮ್ಮಲ್ಲಿಯೂ 1951-52ರ ಪ್ರಥಮ ಮಹಾಚುನಾವಣೆಯಿಂದಲೇ ಮತವು ಗುಪ್ತವಾಗಿದೆ.

ಮಿಲ್ಲನು ಲೋಕದ ಕಣ್ಣನ್ನು ನ್ಯಾಯದ ಕಣ್ಣೆಂದು ಭಾವಿಸಿದನು. ಆದರೆ ಒಂದೆರಡು ಸಾವಿರ ಮತದಾರರ ವಾರ್ಡಿನಲ್ಲಿ ನಮ್ಮನ್ನು ನೋಡುವ ಕಣ್ಣುಗಳು ಯಾರವು? ಸಾಲಕೊಟ್ಟವನವು, ಕೆಲಸಕ್ಕೆ ಕರೆಯುವವನವು, ನೆಂಟರವು. ಆ ಕಣ್ಣುಗಳ ಎದುರಿನಲ್ಲಿ ಮನುಷ್ಯನು ನ್ಯಾಯವಂತನಾಗುವುದಕ್ಕಿಂತ ವಿಧೇಯನಾಗುವುದೇ ಹೆಚ್ಚು. ಪರೀಕ್ಷೆಯ ಪತ್ರಿಕೆಯಲ್ಲಿ ಹೆಸರನ್ನು ಮರೆಮಾಡಿ ನೋಂದಣಿಯ ಸಂಖ್ಯೆಯನ್ನು ಮಾತ್ರ ಇರಿಸುವುದು ಪರೀಕ್ಷಕನು ಅಪ್ರಾಮಾಣಿಕನೆಂದಲ್ಲ. ಪ್ರಾಮಾಣಿಕನನ್ನು ದಾಕ್ಷಿಣ್ಯದಿಂದ ಬಿಡಿಸುವುದಕ್ಕಾಗಿ. ಮತಗಟ್ಟೆಯ ಮರೆಯೂ ಇದಕ್ಕಾಗಿಯೇ. ಆ ಅರೆನಿಮಿಷ ನಾವು ಯಾರ ನೆಂಟರೂ ಅಲ್ಲ, ಯಾರ ಸಾಲಗಾರರೂ ಅಲ್ಲ. ಜಗಲಿಯಲ್ಲಿ ‘ಆಯಿತು’ ಎಂದು ನುಡಿದ ಸುಳ್ಳಿನ ಭಾರವಾದರೂ ನಮ್ಮ ಮೇಲಿರುವುದಿಲ್ಲವೇ ಎಂದು ಕೇಳುವವರುಂಟು. ಇರುತ್ತದೆ. ಅದಕ್ಕಾಗಿಯೇ ‘ಆಯಿತು’ ಎನ್ನುವುದಕ್ಕೆ ಬದಲು ‘ವಿಚಾರ ಮಾಡಿ ಕೊಡುವೆವು’ ಎಂದು ವಿನಯದಿಂದ ಹೇಳುವ ಅಭ್ಯಾಸವನ್ನು ನಾವು ಕಲಿಯಬೇಕಾಗಿದೆ.

ಇಲ್ಲಿ ಗಡಿನಾಡಿನ ಕನ್ನಡಿಗರಾದ ನಮಗೆ ಇನ್ನೂ ಬಿಗಿಯಾದೊಂದು ಗಂಟು ಎದುರಾಗುವುದು. 1956ನೆಯ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರು. ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನು ಕನ್ನಡದವನಾದರೆ ನಮ್ಮ ಮತ ಅವನಿಗೇ ಸಲ್ಲಬೇಡವೇ? ನಾವೇ ನಮ್ಮವರನ್ನು ಕೈಬಿಟ್ಟರೆ ಹಿಡಿಯುವವರಾರು? ಈ ಮಾತಿನಲ್ಲಿ ನೋವಿದೆ, ಅದನ್ನು ಅಲ್ಲಗಳೆಯಲಾಗದು. ಆದರೂ ನಾವು ಎರಡನ್ನು ಬೇರೆಬೇರೆಯಾಗಿ ಕಾಣಬೇಕು. ಕನ್ನಡವು ನಮ್ಮ ಹಕ್ಕು ಎಂಬುದೊಂದು. ಕನ್ನಡ ಮಾತಾಡುವವನು ನಮ್ಮ ನೆಂಟನು ಎಂಬುದು ಇನ್ನೊಂದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂದು ಸಂವಿಧಾನದ 350ಎ ವಿಧಿಯು 1956ರ ಏಳನೆಯ ತಿದ್ದುಪಡಿಯಿಂದ ಸೇರಿತು. ಭಾಷಾ ಅಲ್ಪಸಂಖ್ಯಾತರ ವಾರ್ಡುಗಳಲ್ಲಿ ಅಭ್ಯರ್ಥಿಗಳ ಹೆಸರನ್ನು ಕನ್ನಡದಲ್ಲಿಯೂ ಮುದ್ರಿಸುವ ಪದ್ಧತಿಯಿದೆ. ಇವು ಯಾರ ದಾಕ್ಷಿಣ್ಯದಿಂದಲೂ ಬಂದವುಗಳಲ್ಲ, ನ್ಯಾಯವೆಂದು ಬಂದವು. ನಮ್ಮ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಕಚೇರಿಯಲ್ಲಿ ಕನ್ನಡದ ಅರ್ಜಿನಮೂನೆಗಾಗಿ ಯಾರು ಹೋರಾಡುವರೆಂದು ಎಲ್ಲ ಅಭ್ಯರ್ಥಿಗಳನ್ನೂ ಕೇಳೋಣ. ಮಲಯಾಳದವನನ್ನೂ ಕೇಳೋಣ, ತುಳುವನನ್ನೂ ಕೇಳೋಣ, ಬ್ಯಾರಿಯನ್ನೂ ಕೇಳೋಣ. ಹಾಗಲ್ಲದೆ ‘ನಮ್ಮವನಿಗೇ ಮತ’ ಎಂಬುದನ್ನು ನಿಯಮವಾಗಿ ಎತ್ತಿಹಿಡಿದೆವಾದರೆ, ಅದೇ ನಿಯಮವನ್ನು ಬಹುಸಂಖ್ಯಾತರೂ ಹಿಡಿದಾರು. ಆಗ ಸೋಲುವವರು ಯಾರೆಂದು ಲೆಕ್ಕಹಾಕಲು ಗಣಿತದ ಅಧ್ಯಾಪಕರು ಬೇಕಾಗಿಲ್ಲ. ಎಣಿಕೆಯಲ್ಲಿ ಕಡಿಮೆಯಾದವರಿಗೆ ನ್ಯಾಯವೊಂದೇ ಆಸರೆ. ಆ ಆಸರೆಯನ್ನು ಮೊದಲು ಮುರಿಯುವವರು ನಾವಾಗಬಾರದು.

ಮತ ಕೊಟ್ಟಲ್ಲಿಗೆ ದಾಕ್ಷಿಣ್ಯದ ಕಥೆ ಮುಗಿಯುವುದಿಲ್ಲ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ’ ಎಂಬ ಗಾದೆ ಸಾಲಕ್ಕೆ ಹೇಗೋ ಮತಕ್ಕೂ ಹಾಗೆಯೇ ಒಪ್ಪುತ್ತದೆ. ಗೆದ್ದ ನೆರೆಯವನನ್ನು ಲೆಕ್ಕ ಕೇಳಲು ನಮಗೆ ನಾಲಗೆ ಏಳದು. ಈ ಎರಡನೆಯ ದಾಕ್ಷಿಣ್ಯವು ಮೊದಲನೆಯದಕ್ಕಿಂತಲೂ ಕೆಟ್ಟದ್ದೆಂದು ಹಿಂದಿನವರು ಬಲ್ಲವರಾಗಿದ್ದರು. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಎಂದರೆ ಕ್ರಿ.ಶ. 919 ಮತ್ತು 921ರ, ಎರಡು ಶಾಸನಗಳಿವೆ. ಊರನ್ನು 30 ಭಾಗಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದೊಳಗೆ ಹಾಕಿ, ಚಿಕ್ಕ ಹುಡುಗನೊಬ್ಬನಿಂದ ಎತ್ತಿಸುತ್ತಿದ್ದರು. ಭೂಮಿಯೂ ವೇದವಿದ್ಯೆಯೂ ಉಳ್ಳವರಿಗೆ ಮಾತ್ರ ಅಲ್ಲಿ ಅರ್ಹತೆಯಿತ್ತು; ಹೆಂಗಸರಿಗೂ ದುಡಿಯುವವರಿಗೂ ಆ ಕೊಡದೊಳಗೆ ಸ್ಥಳವಿರಲಿಲ್ಲ. 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿರಿಸಿದ ಕೇರಳದಲ್ಲಿ ಬಾಳುವ ನಾವು ಆ ಏರ್ಪಾಡನ್ನು ಮರಳಿ ಬಯಸಲಾರೆವು. ಆದರೆ ಅದರಲ್ಲಿದ್ದ ಒಂದು ವಿಧಿ ನೆನಪಿಡತಕ್ಕುದು. ಸಮಿತಿಯಲ್ಲಿದ್ದು ಲೆಕ್ಕವನ್ನೊಪ್ಪಿಸದೆ ಹೋದವನು ಮತ್ತೆ ನಿಲ್ಲುವಂತಿರಲಿಲ್ಲ. ಅವನ ಹತ್ತಿರದ ಬಂಧುಗಳೂ ನಿಲ್ಲುವಂತಿರಲಿಲ್ಲ. ಬಂಧುತ್ವವು ಲೆಕ್ಕಕ್ಕೆ ಅಡ್ಡಬರುವುದೆಂಬುದನ್ನು ಅರಿತೇ ಈ ಕಟ್ಟುಪಾಡನ್ನು ಮಾಡಿದಂತೆ ತೋರುತ್ತದೆ.

ನಮಗೂ ಅಂಥದೊಂದು ಸ್ಥಳವನ್ನು ಕಾಯಿದೆ ಕೊಟ್ಟಿದೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿ ವಾರ್ಡಿನ ಮತದಾರರೆಲ್ಲರೂ ಸೇರಿ ಒಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಅದು ಕೂಡಬೇಕು. ಅದನ್ನು ಕರೆಯುವವನು ನಾವು ಆರಿಸಿದ ಸದಸ್ಯನೇ. ಹತ್ತರಲ್ಲೊಂದು ಪಾಲು ಮತದಾರರು ಬಂದರೇ ಅದಕ್ಕೆ ಕೋರಂ. ಮತಗಟ್ಟೆಯ ಮುಂದೆ ಸಾಲುನಿಲ್ಲುವ ನಾವು ಗ್ರಾಮಸಭೆಯ ಬೆಂಚುಗಳನ್ನು ಬರಿದಾಗಿ ಬಿಡುತ್ತೇವೆ. ಮಿಲ್ಲನ ಶಂಕೆಗೆ ಉತ್ತರ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ನಿಕ್ಷೇಪದ ಕೆಲಸ ಬಹಿರಂಗವಾಗಿರಬೇಕೆಂಬ ಅವನ ಮಾತು ದಿಟ; ಆದರೆ ಬಹಿರಂಗವಾಗಬೇಕಾದುದು ಮತವಲ್ಲ, ಲೆಕ್ಕ. ಮತದ ಗುಟ್ಟನ್ನು ನಾವು ಕಾಪಾಡಿಕೊಂಡಿದ್ದರೆ, ಯಾರಿಗೆ ಕೊಟ್ಟೆವೆಂಬ ಮುಲಾಜಿಲ್ಲದೆ ಯಾರನ್ನಾದರೂ ಎದ್ದುನಿಂತು ಪ್ರಶ್ನಿಸಬಹುದು.

ವಿದ್ಯಾರ್ಥಿಗಳು ಇದನ್ನು ಓದಿ, ನಮಗಿನ್ನೂ ಮತವಿಲ್ಲವಲ್ಲ ಎಂದಾರು. ತರಗತಿಯ ನಾಯಕನನ್ನು ಆರಿಸುವ ದಿನ ಪಕ್ಕದಲ್ಲಿ ಕುಳಿತ ಗೆಳೆಯನಿಗೋ, ಎಲ್ಲರ ಮಾತನ್ನೂ ಕೇಳಿ ನಡೆಯಬಲ್ಲವನಿಗೋ ಎಂಬ ಪ್ರಶ್ನೆ ಅವರಿಗೂ ಬಂದೇ ಬರುವುದು. ಅಂದು ಗೆಳೆಯನಿಗೆ ಕೊಡದೆ, ಗೆಳೆತನವನ್ನೂ ಕಳೆದುಕೊಳ್ಳದೆ ಇರುವುದನ್ನು ಕಲಿತವರು ಮುಂದೆ ನೆರೆಯವನ ಜೀಪಿನ ಋಣವನ್ನು ಜೀಪಿನಷ್ಟೇ ದೊಡ್ಡ ಉಪಕಾರದಿಂದ ತೀರಿಸುವರು; ಊರಿನ ಮತದಿಂದಲ್ಲ.