ಕೆಲಸದವಳ ಕೋಣೆಯ ದೇವರು

1964ರಲ್ಲಿ ಬ್ರೆಜಿಲ್‌ನಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ನಡೆಯುವುದು ಬಹಳ ಕಡಿಮೆ. ರಿಯೊ ಡಿ ಜನೈರೊದ ಸ್ಥಿತಿವಂತ ಶಿಲ್ಪಿ ಜಿ.ಎಚ್., ಕೆಲಸ ಬಿಟ್ಟುಹೋದ ಮನೆಗೆಲಸದವಳ ಕೋಣೆಯನ್ನು ಚೊಕ್ಕಟ ಮಾಡಲು ಹೋಗುತ್ತಾಳೆ. ಕೊಳಕಾಗಿರುತ್ತದೆ ಎಂದುಕೊಂಡಿದ್ದ ಕೋಣೆ ಬೆಳಗುವಷ್ಟು ಶುಭ್ರವಾಗಿದೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಗಂಡು, ಹೆಣ್ಣು, ನಾಯಿ. ಕಪಾಟಿನಿಂದ ಜಿರಳೆಯೊಂದು ಹೊರಬರುತ್ತದೆ. ಅವಳು ಧಡಾರನೆ ಕಪಾಟಿನ ಬಾಗಿಲನ್ನು ಅದರ ಮೇಲೆ ಮುಚ್ಚುತ್ತಾಳೆ. ಅರ್ಧ ಜಜ್ಜಿದ ಮೈಯಿಂದ ಬಿಳಿಯ ದ್ರವ ಒಸರುತ್ತದೆ. ಉಳಿದ ಪುಟಗಳೆಲ್ಲ ಅದರೆದುರು ನಿಂತು ದೇವರನ್ನು ಕುರಿತು ನಡೆಸುವ ಚಿಂತನೆ.

'ದಿ ಪ್ಯಾಷನ್ ಅಕಾರ್ಡಿಂಗ್ ಟು ಜಿ.ಎಚ್.' ಎಂಬ ಈ ಕಾದಂಬರಿ ಬರೆದ ಕ್ಲಾರಿಸ್ ಲಿಸ್ಪೆಕ್ಟರ್ 1920ರಲ್ಲಿ ಉಕ್ರೇನಿನ ಚೆಚೆಲ್ನಿಕ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಯಹೂದಿಗಳ ಮೇಲಿನ ಹಿಂಸೆಯಿಂದ ತಪ್ಪಿಸಿಕೊಂಡು ಮನೆಯವರು ಬ್ರೆಜಿಲ್ ಸೇರಿದಾಗ ಆಕೆ ಇನ್ನೂ ಕೂಸು. ಮಗು ಹುಟ್ಟಿದರೆ ತಾಯಿಯ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆಯಿಂದ ತನ್ನನ್ನು ಹೆತ್ತರು, ವಾಸಿಯಾಗಲಿಲ್ಲ ಎಂದು ಆಕೆಯೇ ಮುಂದೆ ಪತ್ರಿಕಾ ಅಂಕಣದಲ್ಲಿ ಬರೆದರು. ತಾಯಿ ತೀರಿಕೊಂಡಾಗ ಲಿಸ್ಪೆಕ್ಟರ್‌ಗೆ 9 ವರ್ಷ. ಮೊರೆಗೆ ಓಗೊಡದ ದೇವರ ಪ್ರಶ್ನೆ ದಾರ್ಶನಿಕ ಸ್ಪಿನೋಜಾನನ್ನು ಓದುವ ಮೊದಲೇ ಆಕೆಯ ಮನೆಯೊಳಗಿತ್ತು.

ಬೈಬಲಿನ ಯಾಜಕಕಾಂಡ ಅಶುದ್ಧ ಜೀವಿಗಳನ್ನು ಮುಟ್ಟಬೇಡ ಎನ್ನುತ್ತದೆ. ಜಿ.ಎಚ್. ಆ ನಿಷೇಧವನ್ನೇ ಹಿಡಿದು ಕೇಳುತ್ತಾಳೆ: ಈ ಮಡಿ ಯಾಕೆ? ಅವಳ ಉತ್ತರ ದಿಗಿಲು ಹುಟ್ಟಿಸುವಂಥದ್ದು. ಅಶುದ್ಧವೆಂದು ದೂರವಿಟ್ಟದ್ದು ಸೃಷ್ಟಿಯಾದಾಗ ಹೇಗಿತ್ತೋ ಹಾಗೆಯೇ ಉಳಿದಿದೆ, ಅದೇ ಬೇರು. ಅಲ್ಲಿರುವ ದೇವರು ಚೆಲುವನಲ್ಲ, ಕರುಣಾಳುವೂ ಅಲ್ಲ. ಇದ್ದಾನೆ, ಅಷ್ಟೇ. ಅವನನ್ನು ಕಾಣಬೇಕಾದರೆ ಭರವಸೆಯನ್ನೂ ಬಿಡಬೇಕು.

ಪ್ರತಿ ಅಧ್ಯಾಯದ ಕೊನೆಯ ವಾಕ್ಯವೇ ಮುಂದಿನದರ ಮೊದಲ ವಾಕ್ಯ. ಈ ಪ್ರಯೋಗ ಚಮತ್ಕಾರಕ್ಕಲ್ಲ. ಓದುಗ ಕೋಣೆಯಿಂದ ಎದ್ದು ಹೋಗದಂತೆ ಅದು ತಡೆಯುತ್ತದೆ.

ಕೊನೆಗೆ ಅವಳು ಜಿರಳೆಯ ದ್ರವವನ್ನು ಬಾಯಿಗಿಟ್ಟುಕೊಳ್ಳುತ್ತಾಳೆ. ಎಲ್ಲರಿಗೂ ನೆನಪುಳಿಯುವುದು ಇದೇ. ಕಾದಂಬರಿಯ ನಿಜವಾದ ಧೈರ್ಯವಿರುವುದು ಅದರ ನಂತರ: ಮಹತ್ತಾದದ್ದನ್ನು ಮಾಡಹೊರಟದ್ದೇ ತಪ್ಪು, ಬೇಕಿದ್ದದ್ದು ಅತಿ ಸಣ್ಣ ಕೆಲಸ ಎಂದು ಅವಳಿಗೆ ಹೊಳೆಯುತ್ತದೆ. ಯಾವ ಕೆಲಸ? ಕೆಲಸದವಳತ್ತ ನೋಡುವುದು. ಅವಳ ಹೆಸರು ಜನೈರ್. ತನ್ನ ಮನೆಯಲ್ಲೇ ಇದ್ದ ಆ ಕಪ್ಪು ಹೆಣ್ಣಿನ ಮುಖವನ್ನು ನೆನಪಿಸಿಕೊಳ್ಳಲು ಜಿ.ಎಚ್. ಒದ್ದಾಡಿದ್ದಳು. ಜಿರಳೆಯವರೆಗೂ ಹೋದ ಅಧ್ಯಾತ್ಮ ಜನೈರಳನ್ನು ದಾಟಿಕೊಂಡು ಹೋಗಿತ್ತು. ಕಾದಂಬರಿಯನ್ನು ಹೀಗೆ ಓದದಿದ್ದರೆ ಅದು ಅರ್ಧವಾಗುತ್ತದೆ.

ತಾನು ಬಾಲ್ಯ ಕಳೆದ ಈಶಾನ್ಯ ಬ್ರೆಜಿಲ್‌ನಿಂದಲೇ ಲಿಸ್ಪೆಕ್ಟರ್ 13 ವರ್ಷಗಳ ನಂತರ ಜನೈರಳಂತೆ ಯಾರ ಕಣ್ಣಿಗೂ ಬೀಳದ ಇನ್ನೊಬ್ಬ ಹೆಣ್ಣು ಮಕಾಬೇಯಾಳನ್ನು ಕರೆತಂದರು. 1977ರ 'ದಿ ಅವರ್ ಆಫ್ ದಿ ಸ್ಟಾರ್' ಕೃತಿಯ ಈ ಬಡ ಟೈಪಿಸ್ಟ್ ಹಾಟ್‌ಡಾಗ್, ಕೋಕಾಕೋಲಾದಲ್ಲಿ ದಿನ ದೂಡುತ್ತಾಳೆ. ಅವಳು ಪ್ರಾರ್ಥಿಸುತ್ತಾಳೆ, ಆದರೆ ದೇವರು ಯಾರೆಂದು ಗೊತ್ತಿಲ್ಲ. ಇಲ್ಲಿ ದೇವರನ್ನು ಕುರಿತು ಪುಟಗಟ್ಟಲೆ ಯೋಚಿಸುವ ಬಿಡುವು ಅವಳಿಗಿಲ್ಲ; ಅವಳ ಕತೆ ಹೇಳುವ ರೊಡ್ರಿಗೊ ಎಸ್.ಎಂ. ಮಾತ್ರ, ಇಂಥವಳನ್ನು ಬರೆಯುವ ಹಕ್ಕು ತನಗೆಲ್ಲಿಂದ ಬಂತೆಂದು ತಡವರಿಸುತ್ತ, ಅವಳಿಂದ ಕಣ್ಣು ತಪ್ಪಿಸಲಾರದೆ ಬರೆಯುತ್ತಾನೆ.